ಡಿ ವಿಟಮಿನ್ ತುಂಬಿಸಿದರೆ ಶುಗರ್ ಇಳಿಯುತ್ತಾ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ತೂಕ 78 ಕೆ.ಜಿ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.1 ಬಂತು. ‘ಡಿ ಸರಿಹೋದರೆ ಶುಗರ್ ತಾನಾಗೇ ಇಳಿಯುತ್ತೆ’ ಅಂತಾರೆ ನಮ್ಮ ಭಾವ. ದಿನಾ ಬೆಳಗ್ಗೆ ಆರೂವರೆಗೆ ಎಳೆಬಿಸಿಲಲ್ಲಿ ವಾಕಿಂಗ್ ಹೋಗ್ತೀನಿ. ಆದರೂ ಡಿ ಯಾಕಿಷ್ಟು ಕಡಿಮೆ? ಮೆಡಿಕಲ್ ಶಾಪ್‌ನಲ್ಲಿ 60,000 ಯೂನಿಟ್ ಮಾತ್ರೆ ಕೊಟ್ಟಿದ್ದಾರೆ. ದಿನಾ ತಗೋಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಿನಾ ತಗೋಬೇಡಿ. ಅದು ವಾರಕ್ಕೊಂದು ನುಂಗುವ ಮಾತ್ರೆ, ಸಾಮಾನ್ಯವಾಗಿ 8 ವಾರ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಅಂದರೆ ಆ ಒಂದು ಮಾತ್ರೆಯಲ್ಲಿ 100 ದಿನದ ಪಾಲು ಇದೆ. ಹೀಗೇ ದಿನಕ್ಕೊಂದರಂತೆ ಎರಡು ತಿಂಗಳು ನುಂಗಿದ ಹಿರಿಯರೊಬ್ಬರನ್ನು ನಾನು ನೋಡಿದ್ದೇನೆ. ವಿಪರೀತ ಬಾಯಾರಿಕೆ, ಮಲಬದ್ಧತೆ, ಊಟ ಕಂಡರೆ ವಾಂತಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಹೆಚ್ಚಾದ ಡಿ ಮೂತ್ರದಲ್ಲಿ ಹೊರಟುಹೋಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತದೆ.

ಇನ್ನು ಎಳೆಬಿಸಿಲು. ಅದು ಒಳ್ಳೆಯದು ಅಂತ ನಮ್ಮ ಅಜ್ಜಿಯರ ಕಾಲದಿಂದ ಕೇಳಿಕೊಂಡು ಬಂದಿದ್ದೇವೆ. ಮನಸ್ಸಿಗೆ, ನಿದ್ದೆಗೆ ಅದು ಒಳ್ಳೆಯದೇ. ಆದರೆ ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು ಯುವಿ-ಬಿ ಕಿರಣ. ಬೆಳಗ್ಗೆ ಸೂರ್ಯ ಓರೆಯಾಗಿರುವಾಗ ಬೆಳಕು ಗಾಳಿಯ ದಪ್ಪ ಪದರ ದಾಟಿ ಬರಬೇಕು. ಆ ದಾರಿಯಲ್ಲೇ ಯುವಿ-ಬಿ ಬಹುಪಾಲು ಸೋಸಿಹೋಗುತ್ತದೆ. ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಡಿ ಚೆನ್ನಾಗಿ ತಯಾರಾದದ್ದು ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ಗಡಿಯಾರ ಬೇಡ ಅಂದರೆ ನೆಲ ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅದು ಡಿ ಕೊಡುವ ಬಿಸಿಲು. ಊಟದ ಬಿಡುವಿನಲ್ಲಿ 15-20 ನಿಮಿಷ ಕೈ, ಕಾಲಿಗೆ ಬಿಸಿಲು ಬೀಳಲಿ. ತಲೆ ಸುತ್ತುವಷ್ಟು, ಚರ್ಮ ಉರಿಯುವಷ್ಟು ಹೊತ್ತು ಖಂಡಿತ ಬೇಡ. ಕಪ್ಪು ಮೈಬಣ್ಣದವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತದೆ. ಬ್ಯಾಂಕಿನ ಕಿಟಕಿ ಪಕ್ಕ ಕೂತರೆ ಸಾಲದು, ಗಾಜು ಯುವಿ-ಬಿಯನ್ನು ತಡೆಯುತ್ತದೆ.

ಈಗ ನಿಮ್ಮ ಭಾವನವರ ಮಾತಿಗೆ ಬರೋಣ. ಅದು ಪೂರ್ತಿ ಸುಳ್ಳಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳಲ್ಲೂ ಡಿ ಬಂದು ಕೂರುವ ಜಾಗ ಇದೆ. ಡಿ ಕಡಿಮೆ ಇರುವವರಲ್ಲಿ ಶುಗರ್, ಬೊಜ್ಜು ಜಾಸ್ತಿ ಕಾಣುವುದೂ ನಿಜ. ಆದರೆ ಯಾವುದರಿಂದ ಯಾವುದು? ಡಿ ಕೊಬ್ಬಿನಲ್ಲಿ ಕರಗುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಡಿ ಅಲ್ಲೆಲ್ಲ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ. ಇಡೀ ದಿನ ಒಳಗೇ ಕೂತು ಕೆಲಸ ಮಾಡಿದರೆ ಬಿಸಿಲೂ ಇಲ್ಲ, ಓಡಾಟವೂ ಇಲ್ಲ. ಡಿ ಇಳಿಯುವುದಕ್ಕೂ ಶುಗರ್ ಏರುವುದಕ್ಕೂ ಎಷ್ಟೋ ಸಲ ಕಾರಣ ಒಂದೇ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದಲ್ಲಿ ನಿಮ್ಮಂತೆ ಶುಗರ್ ಗಡಿಯಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,000 ಯೂನಿಟ್ ಡಿ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. ಸುಮಾರು ಎರಡೂವರೆ ವರ್ಷ ನಡೆದ ಆ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಡಿಯಿಂದಲೇ ಲಾಭ ಆಯಿತು ಅಂತ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. 2023ರಲ್ಲಿ ಇಂಥ ಮೂರು ಪ್ರಯೋಗ ಸೇರಿಸಿ ನೋಡಿದಾಗ ಡಯಾಬಿಟಿಸ್ ಬರುವ ಅಪಾಯ ಶೇ 15ರಷ್ಟು ಕಡಿಮೆ ಕಂಡಿತು. ಲಾಭ ಇದೆ, ಆದರೆ ಚಿಕ್ಕದು. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊಟ ಮತ್ತು ನಡಿಗೆ ಸರಿಮಾಡಿಕೊಂಡವರಿಗೆ ಆ ಅಪಾಯ ಶೇ 28ರಷ್ಟು ತಗ್ಗಿತ್ತು. ತೂಕ ಇಳಿಯದಿದ್ದರೂ ಲಾಭ ಆಗಿತ್ತು. ಎಷ್ಟು ನಡೆದರೂ ತೂಕ ಇಳಿಯುತ್ತಿಲ್ಲ ಅಂತ ಬೇಸರಪಟ್ಟು ವಾಕಿಂಗ್ ಬಿಡುವವರಿಗೆ ನಾನು ಇದನ್ನೇ ಹೇಳುವುದು. ಹಾಗಾಗಿ ನಿಮ್ಮ ಬೆಳಗಿನ ನಡಿಗೆ ನಿಲ್ಲಿಸಬೇಡಿ. ಅದರಿಂದ ಡಿ ಸಿಗದಿದ್ದರೂ ಶುಗರ್‌ಗೆ ಅದೇ ಮದ್ದು.

ಹಾಗಂತ 11ನ್ನು ಸುಮ್ನೆ ಬಿಡುವಂತಿಲ್ಲ. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಏಳಿ ನೋಡಿ. ಕೈ ಊರದೆ ಏಳಲು ಆಗುತ್ತಿಲ್ಲವಾ? ತೊಡೆ, ಸೊಂಟದಲ್ಲಿ ಸದಾ ಮಂದ ನೋವಿದೆಯಾ? ಇದ್ದರೆ ವೈದ್ಯರಿಗೆ ಮರೆಯದೆ ಹೇಳಿ. ಡಿ ಇಲ್ಲದೆ ಮೂಳೆ, ಸ್ನಾಯು ಸೊರಗಿರಬಹುದು, ಮಾತ್ರೆಯ ದೊಡ್ಡ ಉಪಕಾರ ಇರುವುದು ಅಲ್ಲೇ. ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಅದನ್ನೂ ತಿಳಿಸಿ, ಆಮೇಲೇ ಮಾತ್ರೆ ಶುರು ಮಾಡಿ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬೇಡ, ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ತಗೊಳ್ಳಿ. ಭಾನುವಾರ ಅಂತ ಒಂದು ದಿನ ಗೊತ್ತು ಮಾಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಜೊತೆಗೆ ಕ್ಯಾಲ್ಸಿಯಂ ಬೇಕು. ಹಾಲು, ಮೊಸರು, ರಾಗಿ ಊಟದಲ್ಲಿರಲಿ. ಡಿಯನ್ನು ಮೂರು ತಿಂಗಳು ಕಳೆಯುವ ಮೊದಲೇ ಮತ್ತೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಮೂರು ತಿಂಗಳಾದ ಮೇಲೆ ಡಿ ಜೊತೆ ಎಚ್‌ಬಿಎ1ಸಿಯನ್ನೂ ಮಾಡಿಸಿ, ಎರಡೂ ರಿಪೋರ್ಟ್ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.