ಪ್ರತಿಕ್ರಿಯೆ: ‘ಡೈವರ್ಸ್’ ಅಂದರೆ ಬರೀ ‘ಹಲವು’ ಅಲ್ಲ

ಇಂಗ್ಲಿಷಿನ ‘ಡೈವರ್ಸ್’ (diverse), ‘ವೇರಿಯಸ್’ (various) ಎರಡೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ. ‘ವೇರಿಯಸ್’ ಅಂದರೆ ಹಲವಾರು; ಮುಂದೆ ಬಹುವಚನ ಬರಬೇಕು. ‘ಡೈವರ್ಸ್’ ಹೇಳುವುದು ಒಂದಕ್ಕಿಂತ ಒಂದು ಎಷ್ಟು ಬೇರೆ ಅನ್ನುವುದನ್ನು. ಅದರ ಲ್ಯಾಟಿನ್ ಮೂಲದಲ್ಲೇ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದು ಅನ್ನೋ ಅರ್ಥ ಇದೆ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳನ್ನೇ ನೋಡಿ. ನೆರಳಿಗೆ ಬರೀ ಸಿಲ್ವರ್ ಓಕ್ ಇದ್ದರೆ, ಸಾವಿರ ಮರ ನಿಂತಿದ್ದರೂ ಆ ನೆರಳು ಡೈವರ್ಸ್ ಅಲ್ಲ. ಹಲಸು, ಅತ್ತಿ, ನೇರಳೆ, ನಂದಿ ಮರಗಳು ಬೆರೆತು, ಹಾಲವಾಣದ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ‘ಎ ಡೈವರ್ಸ್ ಎಸ್ಟೇಟ್’ ಅನ್ನಬಹುದು. ಅಲ್ಲಿ ‘ಎ ವೇರಿಯಸ್ ಎಸ್ಟೇಟ್’ ಈಗಿನ ಬಳಕೆಗೆ ಒಗ್ಗಲ್ಲ. ಹಾಗೇ ಒಂಟಿ ಹಲಸಿನ ಮರ ತೋರಿಸಿ ಡೈವರ್ಸ್ ಅನ್ನಬೇಡಿ, ಅದು ಗುಂಪಿಗೆ ಸಲ್ಲುವ ಮಾತು. ಕನ್ನಡದಲ್ಲಿ ‘ವೈವಿಧ್ಯಮಯ’ ಸರಿಯೇ. ನನಗೆ ‘ಬಗೆಬಗೆಯ’ ಇನ್ನೂ ಹಿತ.