ಸರ್ಬಿಯಾದಲ್ಲಿ ಹುಟ್ಟಿದ ಫುಟ್‌ಬಾಲ್ ರಕ್ಷಣಾ ಆಟಗಾರ ಮಾರ್ಕೊ ಬಾಶಾ ಮಾಂಟೆನೆಗ್ರೊ ಪರ ಆಡಿದ್ದು ಹೇಗೆ? ಅವರ ವೃತ್ತಿಜೀವನ ಹೇಗಿತ್ತು?

ಬಾಶಾ ಹುಟ್ಟಿದ್ದು 1982ರಲ್ಲಿ, ಟ್ರ್‌ಸ್ಟೆನಿಕ್ ಊರಿನಲ್ಲಿ. ಆಗ ಸರ್ಬಿಯಾ, ಮಾಂಟೆನೆಗ್ರೊ ಎರಡೂ ಯುಗೊಸ್ಲಾವಿಯಾದ ಭಾಗ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಅವರು ಹೋದದ್ದೂ 'ಸರ್ಬಿಯಾ ಮತ್ತು ಮಾಂಟೆನೆಗ್ರೊ' ಎಂಬ ಒಂದೇ ತಂಡದಲ್ಲಿ. 2006ರಲ್ಲಿ ಮಾಂಟೆನೆಗ್ರೊ ಸ್ವತಂತ್ರವಾಯಿತು, ಮರುವರ್ಷ ಅದರ ರಾಷ್ಟ್ರೀಯ ತಂಡ ಮೊದಲ ಪಂದ್ಯ ಆಡಿತು. ಬಾಶಾ ಆ ತಂಡವನ್ನು ಆರಿಸಿಕೊಂಡರು.

ಕ್ಲಬ್‌ಗಳ ವಿಷಯಕ್ಕೆ ಬಂದರೆ, ಒಎಫ್‌ಕೆ ಬೆಲ್‌ಗ್ರೇಡ್‌ನಿಂದ 2005ರಲ್ಲಿ ಫ್ರಾನ್ಸಿನ ಲ ಮಾನ್, 2008ರಲ್ಲಿ ಲೊಕೊಮೊಟಿವ್ ಮಾಸ್ಕೊ, 2011ರಲ್ಲಿ ಮತ್ತೆ ಫ್ರಾನ್ಸ್, ಈ ಸಲ ಲೀಲ್. ಲೀಲ್ ಆಗಷ್ಟೇ ಫ್ರಾನ್ಸಿನ ಲೀಗ್ ಗೆದ್ದಿತ್ತು. ಅದರ ರಕ್ಷಣೆಯ ಆಧಾರವಾಗಿದ್ದ ಆದಿಲ್ ರಾಮಿ ವಲೆನ್ಸಿಯಾಕ್ಕೆ ಹೋಗಿದ್ದರು. ಆ ಜಾಗ ತುಂಬುವುದು ಸುಲಭದ ಕೆಲಸವಲ್ಲ.

ನನ್ನ ಪ್ರಕಾರ ಅವರ ಶ್ರೇಷ್ಠ ಋತು 2013–14. ರಕ್ಷಣೆಯ ನಡುವೆ ಬಾಶಾ ಮತ್ತು ಡೆನ್ಮಾರ್ಕಿನ ಸಿಮೊನ್ ಕೆಯರ್, ಹಿಂದೆ ಗೋಲ್‌ಕೀಪರ್ ವಿನ್ಸೆಂಟ್ ಎನ್ಯೇಮಾ. ಲೀಗ್‌ನಲ್ಲಿ ಸತತ 1,062 ನಿಮಿಷ ಎನ್ಯೇಮಾ ಒಂದೂ ಗೋಲು ಬಿಡಲಿಲ್ಲ. ಇಂಥ ಸಾಧನೆ ಗೋಲ್‌ಕೀಪರ್ ಹೆಸರಿಗೆ ಸೇರುತ್ತದೆ, ಆದರೆ ಗೋಲಿನ ಮುಂದಿನ ಬಾಕ್ಸ್‌ಗೆ ಬಂದ ಎತ್ತರದ ಚೆಂಡುಗಳನ್ನು ತಲೆಯಿಂದ ಹೊರಗಟ್ಟಿದ ಈ ಜೋಡಿಗೂ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕು. 38 ಪಂದ್ಯಗಳಲ್ಲಿ ಕೇವಲ 26 ಗೋಲು ಬಿಟ್ಟ ಲೀಲ್ ಮೂರನೇ ಸ್ಥಾನ ಪಡೆಯಿತು. 2017ರವರೆಗೂ ಬಾಶಾ ಅಲ್ಲೇ ಇದ್ದರು.