ಬ್ರಿಟನ್‌ನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ‘ಬ್ಲ್ಯಾಕ್ ನೈಟ್’ ಹಾಡು ‘ಇನ್ ರಾಕ್’ ಆಲ್ಬಮ್‌ನಲ್ಲಿ ಯಾಕಿಲ್ಲ?

ಆಲ್ಬಮ್ ಮುಗಿದ ಮೇಲೆ ಹುಟ್ಟಿದ ಹಾಡು ಅದು, ಅಷ್ಟೇ. 1970ರಲ್ಲಿ ‘ಇನ್ ರಾಕ್’ ತಯಾರಾದಾಗ ಅದರಲ್ಲಿ ಸಿಂಗಲ್ ಆಗಿ, ಅಂದರೆ ಚಿಕ್ಕ ರೆಕಾರ್ಡ್ ಮಾಡಿ ಬಿಡೋಕೆ ಒಗ್ಗುವ ಹಾಡೇ ಇರಲಿಲ್ಲ. ‘ಚೈಲ್ಡ್ ಇನ್ ಟೈಮ್’ ಒಂದೇ ಹತ್ತು ನಿಮಿಷ ದಾಟುತ್ತದೆ. ರೇಡಿಯೋದವರು ಹಾಕ್ತಾರಾ? ಹಾಗಾಗಿ ಬ್ಯಾಂಡ್‌ನ ಮ್ಯಾನೇಜ್‌ಮೆಂಟ್‌ನವರು ಒಂದು ಚಿಕ್ಕ ಹಾಡು ಕೊಡಿ ಅಂದರು.

ಬ್ಯಾಂಡ್‌ನವರು ಪಬ್‌ಗೆ ಹೋಗಿ, ಚೆನ್ನಾಗಿ ಕುಡಿದು ಸ್ಟುಡಿಯೋಗೆ ವಾಪಸ್ ಬಂದರು. ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಒಂದು ರಿಫ್ ಶುರು ಮಾಡಿದರು. ರಿಫ್ ಅಂದರೆ ಹಾಡಿನುದ್ದಕ್ಕೂ ಮರುಕಳಿಸುವ ಪುಟ್ಟ ತುಣುಕು. ಅದು ಅವರ ಸ್ವಂತದ್ದೇನೂ ಅಲ್ಲ. ರಿಕಿ ನೆಲ್ಸನ್ 1962ರಲ್ಲಿ ಹಾಡಿದ ‘ಸಮ್ಮರ್‌ಟೈಮ್’ನ ಬೇಸ್ ಗಿಟಾರ್ ನಡೆ ಅದು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ, ಅದೇ ತೂಗಾಟ ಥಟ್ಟನೆ ಸಿಗುತ್ತದೆ. ಸಾಹಿತ್ಯಕ್ಕೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ, ಸುಮ್ನೆ ಬರೆದು ಹಾಡಿಬಿಟ್ಟರು.

ತಮಾಷೆ ನೋಡಿ, ಹೀಗೆ ಬಂದ ಹಾಡು ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ನಮ್ಮಲ್ಲಿ ಮಾತ್ರ ಡೀಪ್ ಪರ್ಪಲ್ ಅಂದರೆ ಇವತ್ತಿಗೂ ‘ಸ್ಮೋಕ್ ಆನ್ ದ ವಾಟರ್’ ಒಂದೇ, ಅಲ್ವಾ? 1995ರ ಮರುಬಿಡುಗಡೆಯಲ್ಲಿ ‘ಬ್ಲ್ಯಾಕ್ ನೈಟ್’ ಕೂಡ ‘ಇನ್ ರಾಕ್’ ಜೊತೆ ಸೇರಿಕೊಂಡಿತು.